ಗಡಿಯಾರ ಯಾರ ಕೈಯಲ್ಲಿ?

ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ನೋಡುವವರ ಇಷ್ಟ. ನಾಟಕದಲ್ಲಿ ಆ ಅಧಿಕಾರ ರಂಗದ ಮೇಲಿದ್ದವರದು. ಕೊನೆಯ ಬೆಲ್ ಹೊಡೆದು ಸಭಾಂಗಣ ಕತ್ತಲಾದ ಮೇಲೆ ನಮ್ಮ ಕೈಗಡಿಯಾರಕ್ಕೆ ಬೆಲೆಯಿಲ್ಲ. ದೊಡ್ಡ ನಗರಗಳಲ್ಲಿ ಕಲಾಪ್ರದರ್ಶನವನ್ನೂ ರಂಗಪ್ರಯೋಗವನ್ನೂ ಒಬ್ಬರೇ ವಿಮರ್ಶೆ ಮಾಡುವುದು ಹೊಸದೇನಲ್ಲ. ಹಗಲು ಗ್ಯಾಲರಿ, ಸಂಜೆ ರಂಗಮಂದಿರ, ರಾತ್ರಿ ಬರವಣಿಗೆ. ಹಾಗೆ ಓಡಾಡುವವರು ಬಹಳ ಸಲ ಎಡವುವುದು ಈ ಒಂದು ವ್ಯತ್ಯಾಸ ಮರೆತಾಗ. ಪ್ರದರ್ಶನವನ್ನು ನಾಟಕದಂತೆ ಒಂದೇ ಓಟದಲ್ಲಿ, ಒಳಬಾಗಿಲಿನಿಂದ ಹೊರಬಾಗಿಲವರೆಗೆ ನೋಡಿ ಮುಗಿಸುತ್ತಾರೆ. ನಾಟಕವನ್ನು ಚಿತ್ರದಂತೆ ನಾಲ್ಕು ನಿಂತ ದೃಶ್ಯಗಳಾಗಿ ನೆನಪಿಟ್ಟುಕೊಂಡು ಬರೆಯುತ್ತಾರೆ. ಮೊದಲನೆಯದರಲ್ಲಿ ಕೃತಿ ಕಾಣೆ, ಎರಡನೆಯದರಲ್ಲಿ ನಡೆ ಕಾಣೆ.

ನಾಟಕ ಆ ಸಂಜೆಗೇ ಮುಗಿದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರದರ್ಶನವೂ ಹಾಗೆಯೇ ಅಳಿಯುತ್ತದೆ ಎನ್ನುವುದು ಅಷ್ಟು ಬೇಗ ಹೊಳೆಯುವುದಿಲ್ಲ. ಕ್ಯಾನ್ವಾಸುಗಳೇನೋ ಉಳಿಯುತ್ತವೆ, ಪೆಟ್ಟಿಗೆ ಸೇರಿ ಒಡೆಯರ ಬಳಿಗೆ ಮರಳುತ್ತವೆ. ಆದರೆ ಈ ಚಿತ್ರದ ಪಕ್ಕ ಆ ಚಿತ್ರ, ಆಚೆ ಕೋಣೆಯ ಬಾಗಿಲಿನಿಂದ ಅರ್ಧ ಕಾಣುವ ಶಿಲ್ಪ, ಬೂದು ಬಣ್ಣ ಬಳಿದ ಒಂದೇ ಒಂದು ಗೋಡೆ, ಇವೆಲ್ಲ ಪ್ರದರ್ಶನ ಮುಗಿದ ಮರುದಿನ ಇರುವುದಿಲ್ಲ. ಕ್ಯಾಟಲಾಗಿನಲ್ಲಿ ಕೃತಿಗಳ ಫೋಟೋ ಸಿಗುತ್ತದೆ, ಗೋಡೆ ಸಿಗುವುದಿಲ್ಲ. ರಂಗಪಠ್ಯದಲ್ಲಿ ಮಾತುಗಳು ಸಿಗುತ್ತವೆ, ಆ ಮಾತಿಗೆ ಮುಂಚೆ ನಟಿ ಹಿಡಿದ ಮೂರು ಸೆಕೆಂಡಿನ ಮೌನ ಸಿಗುವುದಿಲ್ಲ. ಬೇರೆಲ್ಲೂ ದಾಖಲಾಗದ ಈ ಪಾಲನ್ನು ಹಿಡಿದಿಡುವುದೇ ವಿಮರ್ಶೆಯ ಮೊದಲ ಕೆಲಸ. ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಅದರ ಬೆನ್ನಿಗೆ ಬರಲಿ.

ಫ್ರೆಂಚ್ ಲೇಖಕ ದೆನಿ ದಿದರೋ 1759ರಿಂದ ಪ್ಯಾರಿಸ್ಸಿನ ಸಲೋನ್ ಎಂಬ ಕಲಾಪ್ರದರ್ಶನಗಳ ಬಗ್ಗೆ ಬರೆದದ್ದು ಕೈಯಲ್ಲಿ ನಕಲು ಮಾಡಿ ದೂರದ ಆಸ್ಥಾನಗಳಿಗೆ ಕಳಿಸುತ್ತಿದ್ದ ಒಂದು ಪತ್ರಿಕೆಗೆ. ಓದುವವರಲ್ಲಿ ಹೆಚ್ಚಿನವರು ಆ ಚಿತ್ರಗಳನ್ನು ಕಾಣುವ ಸಂಭವವೇ ಇರಲಿಲ್ಲ. ಹಾಗಾಗಿ ಎಡಕ್ಕೆ ಯಾರು, ಬೆಳಕು ಯಾವ ಕಡೆಯಿಂದ, ಕೈ ಎತ್ತಿದವಳ ಕಣ್ಣು ಎಲ್ಲಿದೆ ಎಂದು ಹೇಳದೆ ಅವನಿಗೆ ವಿಧಿಯಿರಲಿಲ್ಲ. ಇವತ್ತು ಬರಹದ ಪಕ್ಕ ಫೋಟೋ ಇರುತ್ತದೆಂಬ ಧೈರ್ಯದಲ್ಲಿ ವರ್ಣನೆಯನ್ನೇ ಕೈಬಿಟ್ಟವರು ತುಂಬ ಜನ. ಆದರೆ ಒಂದೇ ಸಂಜೆ ಹತ್ತಾರು ಕಡೆ ಏನಾದರೊಂದು ನಡೆಯುವ ದೊಡ್ಡ ನಗರದಲ್ಲೂ ವಿಮರ್ಶೆ ಓದುವವರಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗುವವರಲ್ಲ. ‘ಹೋಗಬೇಕೋ ಬೇಡವೋ’ ಎಂದು ಕೇಳುವವರಿಗೆ ಒಂದು ಸಾಲು ಸಾಕು. ಉಳಿದ ಐನೂರು ಪದ ಹೋಗಲಾರದವರಿಗೆ ಸಲ್ಲಬೇಕಾದದ್ದು.

ಗ್ಯಾಲರಿಯಿಂದ ಶುರು ಮಾಡೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೆಸರಾಂತ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದು ನೋಡಿತು. ಸರಾಸರಿ 27 ಸೆಕೆಂಡು. ಎಲ್ಲರ ಹೊತ್ತನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದರೆ ನಟ್ಟನಡುವೆ ನಿಲ್ಲುವ ಅಂಕಿ 17 ಸೆಕೆಂಡು. ಪಕ್ಕದ ಚೀಟಿ ಓದುವ ಹೊತ್ತೂ ಅದರಲ್ಲೇ ಸೇರಿತ್ತು. ಈ ಲೆಕ್ಕದಲ್ಲಿ 60 ಕೃತಿಗಳ ಪ್ರದರ್ಶನ 27 ನಿಮಿಷದಲ್ಲಿ ಮುಗಿಯುತ್ತದೆ. ವಿಮರ್ಶಕರು ಇದಕ್ಕಿಂತ ನಿಧಾನವಾಗಿ ನೋಡುತ್ತಾರೆ ಎಂದುಕೊಳ್ಳಲು ಕಾರಣವೇನೂ ಇಲ್ಲ. ಅವರಿಗೂ ಸಂಜೆಯೊಳಗೆ ಬರೆದು ಕೊಡಬೇಕು, ಅವರ ಕಾಲೂ ನೋಯುತ್ತದೆ.

ಹೊತ್ತನ್ನು ಸಮನಾಗಿ ಹಂಚುವುದೇ ಇಲ್ಲಿನ ತಪ್ಪು. ಮೊದಲ ಸುತ್ತು 20 ನಿಮಿಷ ಮೀರಬಾರದು. ಕೈಯಲ್ಲಿ ಏನೂ ಬೇಡ, ಫೋನು ಚೀಲದಲ್ಲಿರಲಿ, ಗೋಡೆಯ ಮೇಲಿನ ಬರಹ ಓದಬೇಡಿ. ಕಾಲು ತಾನಾಗಿ ಎಲ್ಲಿ ನಿಂತಿತು, ಎಲ್ಲಿ ಸರಸರನೆ ದಾಟಿತು ಎಂಬುದಷ್ಟೇ ಗಮನದಲ್ಲಿರಲಿ. ಎರಡನೇ ಸುತ್ತಿಗೆ ಐದಾರು ಕೃತಿ ಆರಿಸಿಕೊಂಡು ಒಂದೊಂದಕ್ಕೆ ಹತ್ತು ನಿಮಿಷ ಕೊಡಬೇಕು. ಅದರಲ್ಲಿ ಎರಡಾದರೂ ಮೊದಲ ಸುತ್ತಿನಲ್ಲಿ ದಾಟಿಹೋದವಾಗಿರಲಿ. ಮೂರನೇ ನಿಮಿಷಕ್ಕೆ ಬೇಸರ ಬರುತ್ತದೆ, ನೋಡುವುದೆಲ್ಲ ನೋಡಿಯಾಯಿತು ಅನ್ನಿಸುತ್ತದೆ. ಆ ಬೇಸರ ದಾಟಿದ ಮೇಲೆಯೇ ಅಂಚಿನಲ್ಲಿ ತಿದ್ದಿದ ಗೆರೆ, ಮೇಲಿನ ಬಣ್ಣದಡಿ ಇಣುಕುವ ಹಳೆಯ ಬಣ್ಣ, ಎಡಗೈಗೆ ಆರನೇ ಬೆರಳಿನಂತೆ ಕಾಣುವ ನೆರಳು ಕಣ್ಣಿಗೆ ಬೀಳತೊಡಗುವುದು. ಗೋಡೆಬರಹ ಕೊನೆಗೆ. ಮೊದಲೇ ಓದಿದರೆ ಕಣ್ಣು ಅದು ಹೇಳಿದ್ದನ್ನೇ ಹುಡುಕುತ್ತಾ ಹೋಗುತ್ತದೆ, ಸಿಕ್ಕಿದ ಕೂಡಲೇ ನೋಡುವುದನ್ನು ನಿಲ್ಲಿಸುತ್ತದೆ.

ಉದ್ಘಾಟನೆಯ ಸಂಜೆ ಹೋಗಿ ವಿಮರ್ಶೆ ಬರೆಯುವ ಆಸೆ ಬಿಡುವುದು ಒಳ್ಳೆಯದು. ಆ ಸಂಜೆ ಎಲ್ಲರೂ ಚಿತ್ರಗಳಿಗೆ ಬೆನ್ನು ಹಾಕಿ ನಿಂತಿರುತ್ತಾರೆ.

ಪ್ರತಿ ಕೃತಿಗೂ ಮೂರು ದೂರಗಳಿವೆ. ಕೋಣೆಯ ಆಚೆ ತುದಿಯಿಂದ ಅದರ ಒಟ್ಟು ಆಕಾರ, ಬಣ್ಣದ ಹೊರೆ ಕಾಣುತ್ತದೆ. ಚಿತ್ರದ ಕರ್ಣದ, ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಉದ್ದದ, ಒಂದೂವರೆ ಪಟ್ಟು ಹಿಂದೆ ನಿಂತರೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. ಕೈಯಳತೆಯಷ್ಟು ಹತ್ತಿರ ಹೋದರೆ ಕೈ ಹೇಗೆ ಓಡಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಬೇಕು. ಬಣ್ಣ ಎಲ್ಲಿ ದಪ್ಪ, ಎಲ್ಲಿ ಬಟ್ಟೆಯ ನೇಯ್ಗೆ ಬಯಲಾಗಿದೆ, ಎಲ್ಲಿ ವಾರ್ನಿಷ್ ಹೊಳೆಯುತ್ತಿದೆ ಎಂಬುದು ಎದುರಿನಿಂದ ಎಂದೂ ಪೂರ್ತಿ ಕಾಣದು. ಫೋಟೋ ನೋಡಿಕೊಂಡು ಬರೆದ ವಿಮರ್ಶೆ ಸಿಕ್ಕಿಬೀಳುವುದೂ ಇಲ್ಲೇ. ಅಂಗೈಯಗಲದ ರೇಖಾಚಿತ್ರವೂ ಆಳೆತ್ತರದ ಕ್ಯಾನ್ವಾಸೂ ಪರದೆಯ ಮೇಲೆ ಒಂದೇ ಗಾತ್ರ. ಫೋನಿನ ಕ್ಯಾಮೆರಾ ಹಳದಿ ಬೆಳಕನ್ನು ತಾನಾಗಿಯೇ ಬಿಳಿಯ ಕಡೆ ತಿದ್ದುತ್ತದೆ, ನೆರಳನ್ನು ಎತ್ತಿ ತೋರಿಸುತ್ತದೆ. ಗಾಢ ಕಂದು ಚಿತ್ರವನ್ನು ‘ತಿಳಿ ಕಂದು’ ಎಂದು ಬರೆದವರ ಕಣ್ಣಿಗೆ ದೋಷವಿಲ್ಲ, ಅವರು ಆ ಸಂಜೆ ನೋಡುತ್ತಿದ್ದದ್ದು ಫೋನನ್ನು.

ಕೃತಿಗಳ ಪಟ್ಟಿ ಕೇಳಿದರೆ ಬಹುತೇಕ ಗ್ಯಾಲರಿಗಳು ಕೊಡುತ್ತವೆ: ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ ಬರೆಯುವುದು ವಾಡಿಕೆ. ತಿರುವುಮುರುವು ಮಾಡಿದರೆ ನಿಂತ ಚಿತ್ರ ಬರಹದಲ್ಲಿ ಮಲಗಿಬಿಡುತ್ತದೆ. ಅಚ್ಚುಕೃತಿಯ ಕೆಳಗೆ ಪೆನ್ಸಿಲ್ಲಿನಲ್ಲಿ 3/25 ಎಂದಿದ್ದರೆ ಅದು 25 ಪ್ರತಿಗಳಲ್ಲಿ ಒಂದು. ‘ಏಕೈಕ ಕೃತಿ’ ಎಂದು ಬರೆದು ನಗೆಪಾಟಲಾಗಬಾರದು. ‘ಮಿಶ್ರ ಮಾಧ್ಯಮ’ ಎಂಬುದು ಮಾಹಿತಿಯೇ ಅಲ್ಲ. ಇದ್ದಿಲೋ, ಮೇಣವೋ, ಅಂಟಿಸಿದ ಪತ್ರಿಕೆಯ ಚೂರೋ, ಕೇಳಿ ತಿಳಿದು ಬರೆಯಬೇಕು. ಏಕೆಂದರೆ ಇದ್ದಿಲು ಉದುರುತ್ತದೆ, ಮೇಣ ಬೆಳಕನ್ನು ಒಳಗೆಳೆದುಕೊಳ್ಳುತ್ತದೆ, ಪತ್ರಿಕೆಯ ಕಾಗದ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಇಂದು ಕಾಣುವ ಆ ಹಳದಿ ಕಲಾವಿದೆ ಹಚ್ಚಿದ್ದೋ ಕಾಲ ಹಚ್ಚಿದ್ದೋ ಎಂಬುದರ ಮೇಲೆ ಇಡೀ ಓದು ನಿಂತಿರಬಹುದು.

ಬೆಳಕಿನ ಬಗ್ಗೆ ಆಗುವ ತಪ್ಪು ಬೇರೆ ತರಹದ್ದು. ಜಲವರ್ಣ, ಅಚ್ಚುಕೃತಿ, ಬಟ್ಟೆ ಇರುವ ಕೋಣೆ ಮಬ್ಬಾಗಿದ್ದರೆ ‘ಕ್ಯುರೇಟರ್ ನಿಗೂಢ ವಾತಾವರಣ ಕಟ್ಟಿದ್ದಾರೆ’ ಎಂದು, ಕೃತಿಗಳನ್ನು ಆರಿಸಿ ಜೋಡಿಸಿದವರ ಬಗ್ಗೆ ಬರೆದವರಿದ್ದಾರೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಕೃತಿಗಳಿಗೆ ಸುಮಾರು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಗಳಿಗೆ 200 ಲಕ್ಸ್ ಎಂಬ ಮಿತಿಯನ್ನು ಬಹುಕಾಲದಿಂದ ಪಾಲಿಸುತ್ತಾ ಬಂದಿದ್ದಾರೆ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ವಾಪಸು ಬರುವುದಿಲ್ಲ. 100 ಲಕ್ಸಿನಲ್ಲಿ ಹತ್ತು ಗಂಟೆ ಇಡುವುದೂ 50 ಲಕ್ಸಿನಲ್ಲಿ ಇಪ್ಪತ್ತು ಗಂಟೆ ಇಡುವುದೂ ಹೆಚ್ಚುಕಡಿಮೆ ಒಂದೇ ಪೆಟ್ಟು. ಹಾಗಾಗಿ ಆ ಮಬ್ಬು ಔಷಧಿಯ ಅಳತೆಯಂಥದು, ಅದರಲ್ಲಿ ಕವಿತ್ವ ಹುಡುಕುವ ಅಗತ್ಯವಿಲ್ಲ. ಬಿಸಿಲಿನಿಂದ ನೇರ ಅಂಥ ಕೋಣೆಗೆ ಹೊಕ್ಕು ಮೊದಲ ಚಿತ್ರವನ್ನು ಮಂಕು ಎಂದು ಗೀಚಿಕೊಳ್ಳುವ ಮೊದಲು ಐದು ನಿಮಿಷ ಬೆಂಚಿನ ಮೇಲೆ ಕೂತು ಕಣ್ಣಿಗೆ ಹೊಂದಿಕೊಳ್ಳಲು ಬಿಡಬೇಕು. ಬೆಳಕು ನಿಜಕ್ಕೂ ಕೆಟ್ಟಿರುವುದು ಬೇರೆ ಕಡೆ: ಗಾಜಿನ ಮೇಲೆ ದೀಪದ ಚುಕ್ಕೆ ಬಿದ್ದಾಗ, ಚೌಕಟ್ಟಿನ ನೆರಳು ಚಿತ್ರದ ಮೇಲಂಚನ್ನು ನುಂಗಿದಾಗ, ಕಪ್ಪು ಚಿತ್ರದಲ್ಲಿ ನಮ್ಮ ಮುಖವೇ ಕಾಣುವಾಗ. ಅದನ್ನು ಖಂಡಿತ ಬರೆಯಬೇಕು, ಯಾವ ಕೋಣೆ ಎಂದು ಹೇಳಿ.

ತೂಗುಹಾಕಿದ ಬಗೆಯನ್ನು ವಿಮರ್ಶಿಸುವವರು ಅಪರೂಪ. ಚಿತ್ರದ ನಡುಬಿಂದು ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರದಲ್ಲಿರುವಂತೆ ನೇತುಹಾಕುವುದು ಸಾಮಾನ್ಯ ಪದ್ಧತಿ. ಯಾರಾದರೂ ಇದನ್ನು ಮುರಿದಿದ್ದರೆ ಏಕೆಂದು ಕೇಳಿಕೊಳ್ಳಬೇಕು. ಸಣ್ಣ ಚಿತ್ರವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ನೋಡುವವರು ಬಗ್ಗಲೇಬೇಕು; ಆ ಬಗ್ಗುವಿಕೆ ಉದ್ದೇಶವೋ ಜಾಗ ಸಾಲದೆ ಮಾಡಿದ್ದೋ ಎಂಬುದು ಪಕ್ಕದ ಗೋಡೆ ನೋಡಿದರೆ ತಿಳಿಯುತ್ತದೆ. ಕೋಣೆಯ ನೀಲನಕ್ಷೆಯನ್ನು ಒರಟಾಗಿ ಗೀಚಿಕೊಂಡು ಯಾವ ಚಿತ್ರ ಎಲ್ಲಿತ್ತೆಂದು ಗುರುತು ಹಾಕಿಡಿ. ಎರಡು ದಿನ ಕಳೆದು ಬರೆಯಲು ಕೂತಾಗ ಆ ವಕ್ರ ನಕ್ಷೆ ನೂರು ಫೋಟೋಗಳಿಗಿಂತ ಹೆಚ್ಚು ಹೇಳುತ್ತದೆ. ದೊಡ್ಡ ಹಿನ್ನೋಟ ಪ್ರದರ್ಶನಗಳಲ್ಲಿ ಇನ್ನೊಂದು ಪ್ರಶ್ನೆ: ಏನಿಲ್ಲ? ಕಲಾವಿದರ ಒಂದು ಇಡೀ ದಶಕ ಎರಡೇ ಚಿತ್ರಗಳಲ್ಲಿ ಮುಗಿದುಹೋಗಿದ್ದರೆ ಆ ಕೃತಿಗಳನ್ನು ಒಡೆಯರು ಕೊಟ್ಟಿರಲಿಕ್ಕಿಲ್ಲ, ಸಾಗಣೆಗೆ ತಾಳದಷ್ಟು ಜೀರ್ಣವಾಗಿರಬಹುದು, ಇಲ್ಲವೇ ಕ್ಯುರೇಟರಿಗೆ ಅವು ಇಷ್ಟವಿಲ್ಲ. ಮೂರರಲ್ಲಿ ಯಾವುದೆಂದು ಫೋನು ಮಾಡಿ ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ.

ವಿಡಿಯೊ ಕೃತಿಗಳು ಬಂದ ಮೇಲೆ ಗ್ಯಾಲರಿಯಲ್ಲೂ ಗಡಿಯಾರ ಕೈ ಬದಲಾಯಿಸಿದೆ. ಒಂದು ಕೋಣೆಯಲ್ಲಿ 40 ನಿಮಿಷ, ಮುಂದಿನದರಲ್ಲಿ 25, ಮೂರನೆಯದರಲ್ಲಿ 90 ಎಂದಿದ್ದರೆ ಒಟ್ಟು ಎರಡು ಗಂಟೆ ಮೂವತ್ತೈದು ನಿಮಿಷ. ಬಾಗಿಲಲ್ಲೇ ಕೂಡಿ ನೋಡಿ ಸಮಯ ಇಟ್ಟುಕೊಳ್ಳಬೇಕು. ಕ್ರಿಶ್ಚಿಯನ್ ಮಾರ್ಕ್ಲೇ 2010ರಲ್ಲಿ ಮಾಡಿದ ‘ದಿ ಕ್ಲಾಕ್’ 24 ಗಂಟೆಯ ಕೃತಿ. ಅದನ್ನು ವಿಮರ್ಶಿಸಿದವರೆಲ್ಲ ಪೂರ್ತಿ ನೋಡಿಯೇ ಬರೆದರೆಂದು ನಂಬುವುದು ಕಷ್ಟ, ಅದು ತಪ್ಪೂ ಅಲ್ಲ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನೋಡಿದಿರೆಂದು ಬರೆದರೆ ಸಾಕು. ಎಂಟು ನಿಮಿಷ ನೋಡಿ ‘ಕೃತಿಯ ಗತಿ ಏಕತಾನ’ ಎಂದು ತೀರ್ಪು ಕೊಡುವುದು ಮಾತ್ರ ಅನ್ಯಾಯ.

ಇನ್ನು ರಂಗಮಂದಿರ. ಇಲ್ಲಿ ಮೊದಲ ತೀರ್ಮಾನ ಕುರ್ಚಿಯದು. ಮೊದಲ ಸಾಲಿನಲ್ಲಿ ನಟರ ಬೆವರು ಕಾಣುತ್ತದೆ, ಪಾದ ಕಾಣುವುದಿಲ್ಲ. ಗುಂಪಿನ ಚಲನೆ ನೆಲದ ಮೇಲೆ ಬಿಡಿಸುವ ಆಕೃತಿಯಂತೂ ಸಿಗುವುದೇ ಇಲ್ಲ. ಬಾಲ್ಕನಿಯಲ್ಲಿ ಆಕೃತಿ ಸ್ಪಷ್ಟ, ಮುಖ ಅಸ್ಪಷ್ಟ. ಆರರಿಂದ ಹತ್ತನೇ ಸಾಲಿನ ನಡುಭಾಗ ಒಂದು ರಾಜಿ. ಆದರೆ ವಿಮರ್ಶಕರಿಗೆ ಯಾವಾಗಲೂ ಅದೇ ಒಳ್ಳೆಯ ಕುರ್ಚಿ ಕೊಡುವುದರಿಂದ, ಕೊನೆಯ ಸಾಲಿಗೆ ಮಾತು ಮುಟ್ಟುವುದಿಲ್ಲವೆಂಬ ದೂರು ವಿಮರ್ಶೆಗಳಲ್ಲಿ ಬರುವುದೇ ಇಲ್ಲ! ಬಿಡುವಿನ ನಂತರದ ಹತ್ತು ನಿಮಿಷ ಹಿಂದೆ ಹೋಗಿ ನಿಂತು ಕೇಳಿದರೆ ಈ ಕುರುಡು ತುಸು ಕಳೆಯುತ್ತದೆ. ಖಾಲಿ ಸಭಾಂಗಣದಲ್ಲಿ ತಾಲೀಮು ಮಾಡಿದ ತಂಡಕ್ಕೆ ಮೊದಲ ಪ್ರಯೋಗದಲ್ಲಿ ದನಿ ಕೈಕೊಡುವುದು ಸಾಮಾನ್ಯ. ತುಂಬಿದ ಕುರ್ಚಿಗಳು, ಮೈಮೇಲಿನ ಬಟ್ಟೆಗಳು ಸದ್ದನ್ನು ಹೀರುತ್ತವೆ, ನಿನ್ನೆ ಮೊಳಗಿದ ಮಾತು ಇಂದು ಒಣಗಿರುತ್ತದೆ.

ಕತ್ತಲೆಯಲ್ಲಿ ಟಿಪ್ಪಣಿ ಬರೆಯುವುದು ಒಂದು ಕಸುಬು. ಹೊಲಿಗೆಯ ಸಣ್ಣ ಪುಸ್ತಕ ಇರಲಿ. ತಂತಿ ಸುತ್ತಿದ್ದು ಹಾಳೆ ತಿರುವುವಾಗ ಕರಕರ ಎನ್ನುತ್ತದೆ. ಗುಂಡಿ ಒತ್ತುವ ಪೆನ್ನು ಬೇಡವೇ ಬೇಡ, ಮೌನದ ದೃಶ್ಯದಲ್ಲಿ ಆ ‘ಟಿಕ್’ ರಂಗದವರೆಗೂ ಕೇಳುತ್ತದೆ. ಸೀಸದ ಕಡ್ಡಿ ಒಳ್ಳೆಯದು. ಎಡಗೈ ಹೆಬ್ಬೆರಳನ್ನು ಹಾಳೆಯ ಮೇಲಿಟ್ಟು, ಒಂದು ಸಾಲು ಬರೆದ ಮೇಲೆ ಅದನ್ನು ಕೆಳಗೆ ಸರಿಸುತ್ತಾ ಹೋದರೆ ಸಾಲಿನ ಮೇಲೆ ಸಾಲು ಬೀಳದು. ಅಕ್ಷರ ದೊಡ್ಡದು, ಹಾಳೆಗೆ ನಾಲ್ಕೈದು ಟಿಪ್ಪಣಿ. ಬೆಳಕಿಗೆ ‘ಬೆ’, ಧ್ವನಿಗೆ ‘ಧ್ವ’, ಸ್ವಂತ ಅನುಮಾನಕ್ಕೊಂದು ಪ್ರಶ್ನೆಚಿಹ್ನೆ. ಅಕ್ಷರಶಃ ಹಿಡಿದ ಮಾತಿಗೆ ಮಾತ್ರ ಉದ್ಧರಣ ಚಿಹ್ನೆ. ಈ ಕೊನೆಯ ಶಿಸ್ತು ತಪ್ಪಿದರೆ ನಟನ ಬಾಯಲ್ಲಿ ನಾಟಕಕಾರ ಬರೆಯದ ಮಾತು ಅಚ್ಚಾಗುತ್ತದೆ. ಎರಡು ಗಂಟೆಯ ನಾಟಕಕ್ಕೆ ಮೂವತ್ತು ಟಿಪ್ಪಣಿ ದಾಟಿದರೆ ನೀವು ನೋಡುತ್ತಿರುವುದು ನೋಟ್‌ಬುಕ್ಕು. ಮುಗಿದು ಹೊರಬಂದ ಅರ್ಧ ಗಂಟೆಯೊಳಗೆ, ಟಿಪ್ಪಣಿ ತೆರೆಯದೆ, ಉಳಿದ ಮೂರು ಚಿತ್ರಗಳನ್ನು ನೆನಪಿನಿಂದ ಬರೆದಿಡಬೇಕು. ಬಹಳ ಸಲ ವಿಮರ್ಶೆ ಹುಟ್ಟುವುದು ಆ ಮೂರರಿಂದ. ಟಿಪ್ಪಣಿಗಳು ಸಾಕ್ಷಿ ಹೇಳಲು ಬರುತ್ತವೆ.

ಪಠ್ಯವನ್ನು ಮೊದಲೇ ಓದಿಕೊಂಡು ಹೋಗಬೇಕೇ ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಹಲವು ಸಲ ಆಡಿದ ಹಳೆಯ ನಾಟಕವಾದರೆ ಓದಿಕೊಂಡು ಹೋಗಬೇಕು, ಇಲ್ಲವಾದರೆ ಈ ನಿರ್ದೇಶಕರು ಏನು ಕತ್ತರಿಸಿದರು, ಯಾವ ದೃಶ್ಯವನ್ನು ಹಿಂದೆಮುಂದೆ ಮಾಡಿದರು ಎಂಬುದು ತಿಳಿಯದು. ಹೊಸ ನಾಟಕವಾದರೆ ಓದದೆ ಹೋಗಿ, ಆಮೇಲೆ ಪಠ್ಯ ಕೇಳಿ ತರಿಸಿಕೊಳ್ಳಿ. ಎರಡೂ ಸಂದರ್ಭದಲ್ಲಿ ಪಠ್ಯ ಕೈಯಲ್ಲಿರಬೇಕಾದ ಕಾರಣ ಒಂದೇ: ಯಾರು ಮಾಡಿದ್ದನ್ನು ಯಾರ ತಲೆಗೆ ಕಟ್ಟುತ್ತಿದ್ದೇವೆ ಎಂಬ ಎಚ್ಚರ. ನಾಟಕಕಾರರು ಆವರಣದಲ್ಲಿ ಬರೆದ ರಂಗಸೂಚನೆಯನ್ನು ನಿರ್ದೇಶಕರ ಪ್ರತಿಭೆಯೆಂದು ಹೊಗಳಿದ ವಿಮರ್ಶೆಗಳು ಬೇಕಾದಷ್ಟಿವೆ. ದೀಪ ಕೆಟ್ಟು ಆದ ಕತ್ತಲೆಯನ್ನು ದಿಟ್ಟ ವಿನ್ಯಾಸವೆಂದು ಕೊಂಡಾಡಿದವೂ ಇವೆ.

ಈ ಪಾಲು ಹಂಚುವ ಕೆಲಸ ಬಹಳ ಹಳೆಯದು. ನಾಟ್ಯಶಾಸ್ತ್ರದ 27ನೇ ಅಧ್ಯಾಯ ಪ್ರಯೋಗದ ಗೆಲುವು–ಸೋಲುಗಳನ್ನು ಅಳೆಯುವ ಪ್ರಾಶ್ನಿಕರ ಬಗ್ಗೆ ಹೇಳುತ್ತದೆ, ಒಬ್ಬರಿಗೇ ಎಲ್ಲವನ್ನೂ ಒಪ್ಪಿಸುವುದಿಲ್ಲ. ಯಜ್ಞ ಬಲ್ಲವ, ನರ್ತಕ, ಛಂದಸ್ಸು ಬಲ್ಲವ, ವೈಯಾಕರಣಿ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಹೀಗೆ ಹತ್ತು ಬಗೆಯವರು, ತಂತಮ್ಮ ಪಾಲಿನದನ್ನು ನೋಡುವವರು. ಮೈಯ ನಿಲುವು, ಸೌಷ್ಠವ ನೋಡಲು ಬಿಲ್ಲುಗಾರ. ಉಡುಗೆ ತೊಡುಗೆಗೆ ಚಿತ್ರಕಾರ. ಸ್ವರ, ತಾಳಕ್ಕೆ ಗಾಯಕ. ಮಾತು ಮರೆಯುವುದು, ಇನ್ನೊಬ್ಬರ ಮಾತು ಆಡಿಬಿಡುವುದು, ಕಿರೀಟ ಕಳಚಿ ಬೀಳುವುದು ಮೊದಲಾದ ತೊಡಕುಗಳ ಪಟ್ಟಿಯನ್ನೂ ಅದೇ ಅಧ್ಯಾಯ ಕೊಡುತ್ತದೆ. ಹತ್ತು ಜನರ ಕೆಲಸ ಒಬ್ಬರ ಮೇಲೆ ಬಿದ್ದಿರುವಾಗ ಕನಿಷ್ಠ ಆ ಹತ್ತು ಕುರ್ಚಿಗಳಲ್ಲಿ ಸರದಿಯಂತೆ ಕೂತು ನೋಡುವ ಅಭ್ಯಾಸ ಬೇಕು. ಹತ್ತು ನಿಮಿಷ ಕಿವಿ ಮುಚ್ಚಿದವರಂತೆ ಬರೀ ಚಲನೆ ನೋಡುವುದು, ಹತ್ತು ನಿಮಿಷ ಕಣ್ಣು ತಗ್ಗಿಸಿ ಬರೀ ಕೇಳುವುದು. ಚಿತ್ರಕಲೆ ನೋಡಿ ಪಳಗಿದ ಕಣ್ಣಿಗೆ ರಂಗದಲ್ಲಿ ಬೆಲೆ ಬರುವುದೂ ಇಂಥಲ್ಲಿ.

ಎಣಿಸಬಹುದಾದದ್ದನ್ನು ಎಣಿಸಿ. ದೃಶ್ಯ ಬದಲಿಸಲು 14 ಬ್ಲಾಕ್‌ಔಟ್, ಒಂದೊಂದಕ್ಕೆ 25 ಸೆಕೆಂಡು ಎಂದರೆ ಆರು ನಿಮಿಷಕ್ಕೆ ಹತ್ತಿರ. ಪ್ರೇಕ್ಷಕರು ಕತ್ತಲೆಯಲ್ಲಿ ಮೇಜು ಎಳೆಯುವ ಸದ್ದು ಕೇಳುತ್ತಾ ಕೂತ ಆರು ನಿಮಿಷ. ‘ಎರಡನೇ ಭಾಗ ಎಳೆದಂತಾಯಿತು’ ಎಂಬ ಗೊಣಗಾಟಕ್ಕೆ ಹಲವು ಸಲ ಕಾರಣ ಇದೇ ಹೊರತು ಬರವಣಿಗೆಯಲ್ಲ. ದೀಪಗಳು ನಟರ ಮುಖಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ ಎರಡು ಬದಿಯಿಂದ ಬಿದ್ದರೆ ಮುಖ ತೆರೆದುಕೊಳ್ಳುತ್ತದೆ. ನೆತ್ತಿಯ ಮೇಲಿನಿಂದ ನೇರ ಬಿದ್ದರೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚುತ್ತದೆ, ನಟಿ ಏನೇ ಮಾಡಿದರೂ ನೋಟ ದಾಟದು; ಅಲ್ಲಿ ‘ಭಾವ ಸಾಲದು’ ಎಂದು ಬರೆದರೆ ದೀಪದ ತಪ್ಪಿಗೆ ನಟಿಗೆ ಶಿಕ್ಷೆ. ಕೊರಳಪಟ್ಟಿಯ ಮೈಕಿಗೆ ಬಟ್ಟೆ ಉಜ್ಜಿದರೆ ವ್ಯಂಜನಗಳು ಕರಗುತ್ತವೆ. ಏಳೆಂಟು ಜನ ಒಟ್ಟಿಗಿರುವ ದೃಶ್ಯದಲ್ಲಿ ಎಲ್ಲರ ದನಿಯೂ ಒಂದೇ ಸ್ಪೀಕರಿನಿಂದ ಬಂದರೆ ಮಾತಾಡುತ್ತಿರುವವರು ಯಾರೆಂದು ಕಣ್ಣು ಹುಡುಕುತ್ತಲೇ ಇರಬೇಕು. ಹಿಂದಿನ ಪರದೆಯ ಮೇಲೆ ವಿಡಿಯೊ ಓಡುತ್ತಿದ್ದರೆ, ಎಷ್ಟೇ ದೊಡ್ಡ ನಟರಿದ್ದರೂ ಕಣ್ಣು ಹೊಳೆಯುವ, ಚಲಿಸುವ ಪರದೆಗೇ ಹೋಗುತ್ತದೆ. ಅದು ಪ್ರೇಕ್ಷಕರ ಅಲಕ್ಷ್ಯವಲ್ಲ, ಕಣ್ಣಿನ ಸ್ವಭಾವ.

ಪ್ರೇಕ್ಷಕರನ್ನು ಕೋಣೆಯಿಂದ ಕೋಣೆಗೆ ನಡೆಸುವ ನಾಟಕಗಳಲ್ಲಿ ಗಡಿಯಾರ ಮತ್ತೆ ನೋಡುವವರ ಕೈಗೆ ಬರುತ್ತದೆ. ಒಬ್ಬೊಬ್ಬರು ಕಂಡದ್ದು ಒಂದೊಂದು ನಾಟಕ. ನೀವು ಹಿಡಿದ ದಾರಿ ಯಾವುದೆಂದು ಬರೆದುಬಿಡಿ, ಅಷ್ಟೇ.

ಇಷ್ಟೆಲ್ಲ ನೋಡಿದ್ದು ಬರಹಕ್ಕೆ ಇಳಿಯುವಾಗ ಏನಾಗುತ್ತದೆ? ಕನ್ನಡದ ವಿಮರ್ಶೆಗೆ ಒಂದು ಸಿದ್ಧ ಅಡುಗೆಮನೆಯಿದೆ. ‘ಪಾತ್ರಕ್ಕೆ ಜೀವ ತುಂಬಿದರು’, ‘ಪಾತ್ರಕ್ಕೆ ನ್ಯಾಯ ಒದಗಿಸಿದರು’, ‘ಪ್ರೇಕ್ಷಕರ ಮನಸೂರೆಗೊಂಡಿತು’, ‘ಸಂಗೀತ ಮೆರುಗು ನೀಡಿತು’, ‘ರೇಖೆಗಳು ನೋಡುಗರೊಡನೆ ಸಂವಾದಿಸುತ್ತವೆ’, ‘ಬಣ್ಣಗಳ ಹದವಾದ ಬಳಕೆ ಗಮನ ಸೆಳೆಯುತ್ತದೆ’. ಇವುಗಳಲ್ಲಿ ಅತಿ ಸೋಮಾರಿ ಪದ ‘ಪೂರಕ’. ‘ಬೆಳಕು ನಾಟಕಕ್ಕೆ ಪೂರಕವಾಗಿತ್ತು’ ಎನ್ನುವ ವಾಕ್ಯವನ್ನು ನಾಟಕ ನೋಡದೆಯೂ ಬರೆಯಬಹುದು, ಯಾವ ನಾಟಕಕ್ಕೂ ಅಂಟಿಸಬಹುದು. ಒಂದು ಪರೀಕ್ಷೆ: ವಾಕ್ಯವನ್ನು ಎತ್ತಿ ಬೇರೊಂದು ನಾಟಕದ ವಿಮರ್ಶೆಯಲ್ಲಿ ಇಟ್ಟರೆ ಅಲ್ಲೂ ಕೂರುತ್ತದೆಯೇ? ಕೂತರೆ ಹೊಡೆದುಹಾಕಿ. ಅದರ ಜಾಗದಲ್ಲಿ ‘ಎರಡನೇ ಅಂಕದುದ್ದಕ್ಕೂ ಬೆಳಕು ಬಲಗಡೆಯಿಂದ ಮಾತ್ರ ಬರುತ್ತಿತ್ತು, ತಾಯಿ ಮಗಳ ಕಡೆ ತಿರುಗಿದಾಗಲೆಲ್ಲ ಅವಳ ಅರ್ಧ ಮುಖ ಅಳಿಸಿಹೋಗುತ್ತಿತ್ತು’ ಎಂದಿದ್ದರೆ ಅದು ಆ ಒಂದು ನಾಟಕಕ್ಕೆ ಮಾತ್ರ ಸೇರಿದ ವಾಕ್ಯ. ಪೂರಕವಾಗಿತ್ತೋ ಇಲ್ಲವೋ ಎಂಬುದನ್ನು ಓದುವವರೇ ಅರಿತುಕೊಳ್ಳುತ್ತಾರೆ.

ಆರುನೂರು ಪದಗಳ ಬರಹದಲ್ಲಿ ಕಥೆಗೆ ಎಂಬತ್ತು ಪದ ಸಾಕು, ಅದೂ ಬಿಡುವಿನವರೆಗಿನದು. ಕಥೆ ಹೇಳುತ್ತಾ ಮುನ್ನೂರು ಪದ ಕಳೆದವರಿಗೆ ಪ್ರಯೋಗದ ಬಗ್ಗೆ ಹೇಳಲು ಏನೂ ಇರಲಿಲ್ಲ ಎಂದು ಓದುಗರಿಗೆ ಗೊತ್ತಾಗುತ್ತದೆ. ಕೊನೆಗೆ ಬರುವ ಹಾಜರಿ ಪಟ್ಟಿಯ ಪ್ಯಾರಾ, ಅಂದರೆ ತಾಯಿಯಾಗಿ ಇಂಥವರು, ಮಗನಾಗಿ ಇಂಥವರು, ಸಹಾಯಕರಾಗಿ ಇಂಥವರು ಗಮನ ಸೆಳೆದರು ಎನ್ನುವಂಥದ್ದು, ಯಾರ ಮನಸ್ಸೂ ನೋಯದಿರಲೆಂದು ಬರೆಯುವಂಥದ್ದು. ಅದು ಯಾರನ್ನೂ ನೋಡಿದಂತಾಗುವುದಿಲ್ಲ. ಹೆಸರುಗಳನ್ನು ಕೆಳಗೆ ಚೌಕದಲ್ಲಿ ಕೊಟ್ಟು, ಒಳಗೆ ಇಬ್ಬರ ಬಗ್ಗೆ ನಿಜವಾಗಿ ಬರೆಯುವುದು ಮೇಲು. ಪ್ರದರ್ಶನಕ್ಕೂ ಇದೇ: 60 ಕೃತಿಗಳ ಹೆಸರು ಹೇಳುವ ಬದಲು ಎರಡನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿ, ಉಳಿದವು ಅವುಗಳಿಂದ ಹೇಗೆ ಹತ್ತಿರ, ಹೇಗೆ ದೂರ ಎಂದರೆ ಸಾಕು. ಹೆಸರಿನ ಅಕ್ಷರ ಮಾತ್ರ ಕರಪತ್ರ ನೋಡಿಯೇ ಬರೆಯಬೇಕು, ನೆನಪಿನಿಂದಲ್ಲ. ಪಾತ್ರಧಾರಿ ಕೊನೆ ಗಳಿಗೆಯಲ್ಲಿ ಬದಲಾಗಿದ್ದರೆ ಕರಪತ್ರವೂ ಸುಳ್ಳು ಹೇಳುತ್ತದೆ, ಆದ್ದರಿಂದ ಬಾಗಿಲ ಬಳಿ ಅಂಟಿಸಿದ ಚೀಟಿ ಓದಿ.

ಕಟುವಾಗಿ ಬರೆಯಬೇಕಾಗಿ ಬಂದಾಗ ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್‌ನ ಪ್ರಸಂಗ ನೆನಪಿಟ್ಟುಕೊಳ್ಳುವಂಥದ್ದು. 1877ರಲ್ಲಿ ಚಿತ್ರಕಾರ ಜೇಮ್ಸ್ ವಿಸ್ಲರ್‌ನ ರಾತ್ರಿಯ ಪಟಾಕಿಯ ಚಿತ್ರವೊಂದರ ಬಗ್ಗೆ ಬರೆಯುತ್ತಾ, ಜನರ ಮುಖಕ್ಕೆ ಒಂದು ಗಡಿಗೆ ಬಣ್ಣ ಎರಚಿ ಅದಕ್ಕೆ 200 ಗಿನಿ (ಒಂದು ಪೌಂಡಿಗಿಂತ ತುಸು ಹೆಚ್ಚಿನ ಆಗಿನ ಬೆಲೆ ಲೆಕ್ಕ) ಕೇಳುವ ಜಂಬಗಾರನೆಂದು ಜರೆದ. ವಿಸ್ಲರ್ ಮೊಕದ್ದಮೆ ಹೂಡಿ 1878ರಲ್ಲಿ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಪೆನ್ನಿಯ ಕಾಲುಭಾಗ. ಖರ್ಚಿನ ಹೊರೆಯೂ ಸೇರಿ ಮರುವರ್ಷ ದಿವಾಳಿಯಾದ. ರಸ್ಕಿನ್ ಕಣ್ಣು ಚುರುಕಿಲ್ಲದವನೇನಲ್ಲ. ಆದರೆ ಆ ವಾಕ್ಯದಲ್ಲಿ ಬೆಲೆಯಿದೆ, ಮನುಷ್ಯನಿದ್ದಾನೆ, ಚಿತ್ರವಿಲ್ಲ. ಕಪ್ಪಿನ ಮೇಲೆ ಉದುರುವ ಹೊನ್ನಿನ ಕಿಡಿಗಳ ಬಗ್ಗೆ ಅವನು ಒಂದು ಮಾತೂ ಹೇಳಲಿಲ್ಲ. ನಟನೆಗೂ ಇದೇ ಗೆರೆ: ನಟರು ಮಾಡಿದ ಆಯ್ಕೆಯನ್ನು ಎಷ್ಟು ಕಟುವಾಗಿ ಬೇಕಾದರೂ ಟೀಕಿಸಬಹುದು, ಅವರ ಮೈ, ಬಣ್ಣ, ಎತ್ತರವನ್ನಲ್ಲ. ಅವು ಅವರು ಆರಿಸಿಕೊಂಡವಲ್ಲ. ಪಾತ್ರಕ್ಕೆ ಅವರನ್ನು ಆರಿಸಿದ್ದೇ ತಪ್ಪು ಅನ್ನಿಸಿದರೆ ಆ ಮಾತು ನಿರ್ದೇಶಕರ ಲೆಕ್ಕಕ್ಕೆ ಹೋಗಲಿ.

ಬೇಗ ಬರೆಯುವುದು ಮುಖ್ಯವೋ ಸರಿಯಾಗಿ ಬರೆಯುವುದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಹೆರಾಲ್ಡ್ ಪಿಂಟರ್‌ನ ‘ದಿ ಬರ್ತ್‌ಡೇ ಪಾರ್ಟಿ’ ಲಂಡನ್ನಿನಲ್ಲಿ 1958ರ ಮೇ 19ರಂದು ಶುರುವಾಯಿತು. ದಿನಪತ್ರಿಕೆಗಳು ಹರಿದು ಹಾಕಿದವು, ಆ ವಾರವೇ, ಎಂಟು ಪ್ರಯೋಗಗಳಿಗೆ, ನಾಟಕ ನಿಂತಿತು. ಹೆರಾಲ್ಡ್ ಹಾಬ್ಸನ್ ಅದನ್ನು ಎತ್ತಿಹಿಡಿದು ಬರೆದ ವಿಮರ್ಶೆ ಅಚ್ಚಾದದ್ದು ಮೇ 25ರ ಭಾನುವಾರ, ರಂಗ ಖಾಲಿಯಾದ ಮರುದಿನ. ಆ ಓಟಕ್ಕೆ ಅದು ಯಾವ ಉಪಕಾರಕ್ಕೂ ಬರಲಿಲ್ಲ. ನಾಟಕಕಾರನಿಗೆ ಬಂತು.

ಹಂಗಿನ ವಿಚಾರ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಕ್ಯಾಟಲಾಗಿಗೆ ಹಣ ಪಡೆದು ಲೇಖನ ಬರೆದವರು ಅದೇ ಪ್ರದರ್ಶನ ವಿಮರ್ಶಿಸಬಾರದು; ತಂಡದಲ್ಲಿ ಹತ್ತಿರದವರಿದ್ದರೆ ಬೇರೆಯವರಿಗೆ ಬಿಟ್ಟುಕೊಡಬೇಕು, ಸಾಧ್ಯವಾಗದಿದ್ದರೆ ಬರಹದಲ್ಲೇ ಹೇಳಬೇಕು. ಪುಕ್ಕಟೆ ಟಿಕೆಟ್ಟು ಹಂಗಲ್ಲ, ಅದು ಕೆಲಸದ ಸಲಕರಣೆ. ಪ್ರಯಾಣ, ವಸತಿ ಕೊಟ್ಟು ಕರೆಸಿಕೊಂಡಿದ್ದರೆ ಅದನ್ನು ಓದುಗರು ತಿಳಿದಿರಬೇಕು.

ಬರಹದ ಕೆಳಗೆ ನೋಡಿದ ತಾರೀಕು, ಎಷ್ಟನೇ ಪ್ರಯೋಗ, ಬಿಡುವೂ ಸೇರಿ ಒಟ್ಟು ಅವಧಿ ಇರಲಿ. ಮೊದಲ ಪ್ರಯೋಗವೂ ಹದಿನೈದನೆಯದೂ ಒಂದೇ ನಾಟಕವಲ್ಲ. ಕರಪತ್ರ, ಟಿಪ್ಪಣಿ, ಕೋಣೆಯ ನಕ್ಷೆಯನ್ನು ಒಂದು ಲಕೋಟೆಯಲ್ಲಿ ಹಾಕಿ ಮೇಲೆ ತಾರೀಕು ಬರೆದಿಟ್ಟರೆ, ವಾರ ಕಳೆದು ಬೆಳಕಿನ ವಿನ್ಯಾಸಕರಿಂದ ‘ಮೂರನೇ ದೃಶ್ಯದ ನೀಲಿ ನಮ್ಮದಲ್ಲ, ಆ ದಿನ ಒಂದು ದೀಪ ಕೈಕೊಟ್ಟಿತ್ತು’ ಎಂಬ ಪತ್ರ ಬಂದಾಗ ತಡಕಾಡುವುದು ತಪ್ಪುತ್ತದೆ. ಲಕೋಟೆ ತೆರೆದು ನೋಡಿದರೆ ‘ಬೆ’ ಎಂಬ ಅಕ್ಷರದ ಮುಂದೆ ನಿಮ್ಮದೇ ಪ್ರಶ್ನೆಚಿಹ್ನೆ ಇದ್ದರೂ ಇರಬಹುದು, ಬರೆಯುವ ರಾತ್ರಿ ಅದನ್ನು ಗಮನಿಸದೆ ದಾಟಿರಬಹುದು. ಆಗ ಹಳೆಯ ವಾಕ್ಯವನ್ನು ಸದ್ದಿಲ್ಲದೆ ಅಳಿಸಬಾರದು. ಅದನ್ನು ಅಲ್ಲೇ ಬಿಟ್ಟು, ತಿದ್ದುಪಡಿಯನ್ನು ಅದರ ಕೆಳಗೆ ತಾರೀಕಿನ ಸಮೇತ ಸೇರಿಸಬೇಕು. ಟಿಕೆಟ್ಟು ಸಿಕ್ಕಿದರೆ ಇನ್ನೊಂದು ಸಂಜೆ ಹೋಗಿ, ಈ ಸಲ ಬೇರೆ ಸಾಲಿನಲ್ಲಿ ಕೂತು, ಆ ಮೂರನೇ ದೃಶ್ಯಕ್ಕೆ ಕಾಯಬೇಕು.